ಸೋದೆಗೆ ಬಂದು ನೆಲಸಿದವರು

೧

ಶಿರಸಿಯಿಂದ ಉತ್ತರಕ್ಕೆ ಸುಮಾರು 20 ಕಿಲೋಮೀಟರು ದೂರದಲ್ಲಿರುವ ಸೋಂದಾ ಗ್ರಾಮವು ಬೇರೆಬೇರೆ ಬರಹಗಳಲ್ಲಿ ಬೇರೆಬೇರೆ ಹೆಸರುಗಳಿಂದ ಕಾಣಬರುತ್ತದೆ. ಸಂಸ್ಕೃತ ಲೇಖಗಳಲ್ಲಿ ಅದು ಸುಧಾಪುರ. ಜೈನರ ನುಡಿಯಲ್ಲಿ ಸ್ವಾದಿ. ಮಾಧ್ವರ ವ್ಯವಹಾರದಲ್ಲಿ ಸೋದೆ. ಪೋರ್ತುಗೀಜರ ಮತ್ತು ಇಂಗ್ಲಿಷರ ಕಾಗದಗಳಲ್ಲಿ ಸುಂದಾ. ಒಂದೇ ಊರಿಗೆ ಇಷ್ಟು ಹೆಸರುಗಳು ಉಂಟಾದುದಕ್ಕೆ ಉಚ್ಚಾರಣೆಯ ಭೇದವೊಂದೇ ಕಾರಣವೆನ್ನಲಾಗದು. ಬೇರೆಬೇರೆ ದಿಕ್ಕುಗಳಿಂದ ಬಂದ ಜನರು ತಮ್ಮತಮ್ಮ ನಾಲಗೆಗೆ ಒಗ್ಗಿದ ಹೆಸರಿನಿಂದ ಆ ಊರನ್ನು ಕರೆದರು. ಆ ಹೆಸರುಗಳೆಲ್ಲವೂ ಉಳಿದುವು.

ಅರಸಪ್ಪನಾಯಕನ ಆಳ್ವಿಕೆಯನ್ನು ಕ್ರಿ. ಶ. 1555ರಿಂದ 1598ರವರೆಗೆ ಎಂದು ಗಣಿಸುವುದು ರೂಢಿಯಾಗಿದೆ. ಅಲ್ಲಿಂದ ಮೊದಲ್ಗೊಂಡು 1763ರಲ್ಲಿ ಹೈದರಾಲಿಯ ಸೈನ್ಯವು ಬಂದೆರಗುವವರೆಗೆ, ಎಂದರೆ ಇನ್ನೂರು ವರ್ಷಗಳಿಗೆ ಮೇಲ್ಪಟ್ಟು, ಸೋದೆಯು ರಾಜಧಾನಿಯಾಗಿದ್ದಿತು. ಈ ಅರಸರ ವಂಶಾವಳಿಯನ್ನೂ ಅವರ ಕಾಳಗಗಳನ್ನೂ ಕುರಿತು ಚರ್ಚೆಯು ನಡೆದೇ ಇದೆ. ಆದರೆ ಒಂದು ರಾಜಧಾನಿಯ ಚರಿತ್ರವು ಅರಸುಗಳ ಚರಿತ್ರದಿಂದ ಪೂರ್ಣವಾಗಲಾರದು. ದಟ್ಟವಾದ ಕಾಡಿನ ನಡುವೆ ಬೇಗಬೇಗನೆ ಬೆಳೆದ ಈ ತೋಟಗಾರರ ಪಟ್ಟಣಕ್ಕೆ ಯಾರು ಯಾರು ಬಂದರು, ಬಂದವರು ಅಲ್ಲಿಯ ಬಾಳಿಗೆ ಹೇಗೆ ಹೊಂದಿಕೊಂಡರು, ಅರಸೊತ್ತಿಗೆಯು ಅಳಿದ ಮೇಲೆ ಅವರಲ್ಲಿ ಯಾರು ಉಳಿದರು, ಏತರಿಂದ ಉಳಿದರು ಎಂಬಿವೇ ಪ್ರಕೃತ ವಿಚಾರಣೀಯವಾದ ವಿಷಯಗಳು.

೨

ಪಟ್ಟಣವು ಬೆಳೆದುದಕ್ಕೆ ಕಾರಣವನ್ನು ಮೊದಲು ನೋಡತಕ್ಕದ್ದು. 1565ರ ರಕ್ಕಸತಂಗಡಿಯ ಯುದ್ಧದಲ್ಲಿ ವಿಜಯನಗರದ ಬಲವು ಮುರಿಯಿತು. ಅಲ್ಲಿಯವರೆಗೆ ಸಾಮಂತರಾಗಿದ್ದ ಕೆಳದಿ, ಬಿಳಗಿ, ಸೋದೆಗಳ ನಾಯಕರು ತಮ್ಮ ನೆಲವನ್ನು ತಾವೇ ಕಾಪಾಡಿಕೊಳ್ಳಬೇಕಾಯಿತು. ಸೋದೆಯವರಿಗೆ ಬಯಲುಸೀಮೆಯ ಕಪ್ಪುಮಣ್ಣಾಗಲಿ ವಿಸ್ತಾರವಾದ ಗದ್ದೆಗಳಾಗಲಿ ಇರಲಿಲ್ಲ. ಇದ್ದದ್ದು ಘಟ್ಟದ ಮೇಲಣ ಕಣಿವೆಗಳು, ವರ್ಷಕ್ಕೆ ಸುಮಾರು ನೂರು ಅಂಗುಲದ ಮಳೆ, ಆ ಕಣಿವೆಗಳಲ್ಲಿ ಬೆಳೆಯುವ ಮೆಣಸು ಮತ್ತು ಅಡಕೆ. ಘಟ್ಟವನ್ನಿಳಿದರೆ ಕಾರವಾರ, ಅಂಕೋಲೆ, ಮಿರ್ಜಾನಗಳ ಕರಾವಳಿ. ಅಲ್ಲಿ ಮೆಣಸನ್ನು ಕೊಳ್ಳಲು ಮೊದಲು ಪೋರ್ತುಗೀಜರು, ತರುವಾಯ ಇಂಗ್ಲಿಷರು ಕಾದಿದ್ದರು. 1638ರಲ್ಲಿ ಇಂಗ್ಲಿಷರು ಕಾರವಾರದಲ್ಲಿ ಕೋಠಿಯನ್ನು ತೆರೆದುದಕ್ಕೆ ಘಟ್ಟದ ಮೇಲಣ ಈ ಮೆಣಸೇ ಮುಖ್ಯವಾದ ಕಾರಣವಾಗಿದ್ದಿತು. ಹೀಗೆ ಸೋದೆಯ ಬೊಕ್ಕಸವು ಮುಖ್ಯವಾಗಿ ತೋಟವನ್ನು ನಂಬಿಕೊಂಡಿದ್ದಿತು.

ಅಡಕೆ ಮೆಣಸುಗಳನ್ನು ಅರಸಪ್ಪನಾಯಕನೇ ಈ ನೆಲಕ್ಕೆ ತಂದನೆಂದು ತಿಳಿಯಲಾಗದು. ಬನವಾಸಿಯ ಸೀಮೆಯಲ್ಲಿ ಅಡಕೆಯ ತೋಟಗಳು ಅವನಿಗಿಂತ ಎಷ್ಟೋ ಹಿಂದಿನ ಶಾಸನಗಳಲ್ಲಿಯೇ ಉಕ್ತವಾಗಿವೆ. ಹೊಸದಾಗಿ ಒದಗಿದುದು ಸಮುದ್ರದಾಚೆಯ ಬೇಡಿಕೆ. ಆ ಬೇಡಿಕೆಗೆ ತಕ್ಕಷ್ಟು ಬೆಳೆಯಬಲ್ಲ ಕೈಗಳನ್ನು ಒಂದೆಡೆಯಲ್ಲಿ ಕೂಡಿಸಿ ಅವರಿಗೆ ಕಾವಲನ್ನು ಕೊಟ್ಟ ಒಂದು ಅರಸೊತ್ತಿಗೆ.

ಪಟ್ಟಣದ ರಚನೆಯೇ ಇದಕ್ಕೆ ಸಾಕ್ಷಿ. 1801ರಲ್ಲಿ ಈ ಸೀಮೆಯಲ್ಲಿ ಸಂಚರಿಸಿದ ಫ್ರಾನ್ಸಿಸ್ ಬುಕಾನನ್ನನು ಅಲ್ಲಿ ಮೂರು ಸುತ್ತಿನ ಕೋಟೆಯಿದ್ದುದನ್ನು ಹೇಳಿದ್ದಾನೆ. ಅತ್ಯಂತ ಒಳಗಿನ ಸುತ್ತಿನಲ್ಲಿ ಮನೆಗಳು ಒತ್ತಾಗಿದ್ದುವು. ಹೊರಗಿನ ಸುತ್ತುಗಳಲ್ಲಿ ಮನೆಗಳು ಗುಂಪುಗುಂಪಾಗಿ ಚದರಿದ್ದು ಅವುಗಳ ನಡುವೆ ತೋಟಗಳಿದ್ದುವು. ಬಯಲುಸೀಮೆಯ ಪಟ್ಟಣದಲ್ಲಿ ಹೊಲವು ಕೋಟೆಯ ಹೊರಗಿರುವುದು ವಾಡಿಕೆ. ಸೋದೆಯಲ್ಲಿಯಾದರೋ ಪೇಟೆ ಮತ್ತು ತೋಟ ಎರಡೂ ಒಂದೇ ಕೋಟೆಯೊಳಗೆ ಅಡಕವಾಗಿದ್ದುವು. ಅಲ್ಲಿಗೆ ಬಂದವನು ಪಟ್ಟಣಕ್ಕೆ ಬಂದೆನೆಂದು ತಿಳಿದರೂ ಅವನ ಕಾಲು ಊರಿದುದು ತೋಟದ ಅಂಚಿನಲ್ಲಿಯೇ.

೩

ಹೊರಗಿನಿಂದ ಬಂದವನಿಗೆ ಈ ನೆಲವು ಸುಲಭವಾಗಿ ಒಲಿಯತಕ್ಕುದಲ್ಲ. ಗದ್ದೆಯ ಬೇಸಾಯದಲ್ಲಿ ಬಿತ್ತಿದ ವರ್ಷವೇ ಫಲವುಂಟು. ಒಂದು ವರ್ಷ ಕೆಟ್ಟರೆ ಮರುವರ್ಷ ಇನ್ನೊಂದೂರಿಗೆ ಹೋಗಬಹುದು. ಅಡಕೆಯ ಸಸಿಯು ಫಲ ಕೊಡಬೇಕಾದರೆ ಆರೆಂಟು ವರ್ಷಗಳು ಬೇಕು. ಒಮ್ಮೆ ಫಲಕ್ಕೆ ಬಂದ ಮೇಲೆ ಅದು ಒಂದು ತಲೆಮಾರನ್ನು ಮೀರಿ ನಿಲ್ಲುತ್ತದೆ. ಆದುದರಿಂದ ಅಡಕೆಯನ್ನು ನೆಡುವವನು ಮೂರು ಸಂಗತಿಗಳನ್ನು ನಂಬಿರಬೇಕು: ಅಷ್ಟು ವರ್ಷ ತನಗೆ ಉಣ್ಣಲಿಕ್ಕೆ ಒದಗೀತು, ಅಷ್ಟರೊಳಗೆ ಯಾರೂ ತನ್ನನ್ನು ಎಬ್ಬಿಸರು, ತನ್ನ ತರುವಾಯ ತನ್ನ ಮಗನು ಅಲ್ಲಿಯೇ ಇರುವನು. ಇವುಗಳಲ್ಲಿ ಮೊದಲನೆಯದನ್ನು ನೆರೆಹೊರೆಯೂ ಎರಡನೆಯದನ್ನು ಅರಸನೂ ಒದಗಿಸಬೇಕು. ಮೂರನೆಯದು ಮನಸ್ಸಿಗೆ ಸೇರಿದುದು. ಬೇಗನೆ ತೆರಿಗೆ ಬರಬೇಕೆಂದು ಆತುರಪಡುವ ಅರಸನ ಸೀಮೆಯಲ್ಲಿ ತೋಟವು ಹುಟ್ಟಲಾರದು. ನೆರೆಯ ಕೆಳದಿಯಲ್ಲಿ ಶಿವಪ್ಪನಾಯಕನು (1645–1660) ತನ್ನ ಶಿಸ್ತಿನಲ್ಲಿ ತೋಟದ ತೆರಿಗೆಯನ್ನು ಸಾವಿರ ಮರಕ್ಕೆ ಇಂತಿಷ್ಟೆಂದು ಗೊತ್ತುಮಾಡಿದುದೂ ಇದೇ ವಿವೇಕದಿಂದ. ಮರವು ಎದ್ದುನಿಂತ ಮೇಲೆ ಎಣಿಕೆ.

ಇನ್ನು ಕೆಲಸದ ಬಗೆ. ಕಣಿವೆಯ ತಗ್ಗಿನಲ್ಲಿ ತೋಟ. ಅದರ ಮೇಲಣ ಇಳಿಜಾರಿನಲ್ಲಿ ಸೊಪ್ಪಿನ ಬೆಟ್ಟ. ಬೆಟ್ಟದ ಹಸಿಸೊಪ್ಪೂ ಬೇಸಗೆಯಲ್ಲಿ ಉದುರಿದ ದರಕೂ ಕೊಟ್ಟಿಗೆಗೆ ಬಂದು ಗೊಬ್ಬರವಾಗಿ ತೋಟಕ್ಕೆ ಇಳಿಯಬೇಕು. ಬೆಟ್ಟವಿಲ್ಲದ ತೋಟವು ಕೆಲವು ವರ್ಷಗಳಲ್ಲಿ ಸೊರಗುತ್ತದೆ. ಮಳೆಗಾಲದಲ್ಲಿ ನೀರನ್ನು ಹೊರಗೆ ಹಾಯಿಸಲು ಬಸಿಗಾಲುವೆಗಳು, ಬೇಸಗೆಯಲ್ಲಿ ಅದೇ ನೀರನ್ನು ಒಳಗೆ ತರಲು ಕೆರೆ ಮತ್ತು ಮರದ ದೋಣಿಗಳು. ಅಡಕೆಯ ಮರಕ್ಕೆ ಮೆಣಸಿನ ಬಳ್ಳಿ, ಮರಗಳ ನಡುವೆ ಬಾಳೆ, ಬಾಳೆಯ ನೆರಳಿಗೆ ಏಲಕ್ಕಿ. ಆಷಾಢ ಶ್ರಾವಣಗಳ ಮಳೆಯಲ್ಲಿ ಕೊಳೆರೋಗವು ಬಾರದಂತೆ ಎಳೆಯ ಕೊನೆಗಳಿಗೆ ಕೊಟ್ಟೆಯನ್ನು ಕಟ್ಟಬೇಕು. ಸುಗ್ಗಿಯಲ್ಲಿ ಮರದಿಂದ ಮರಕ್ಕೆ ದಾಟುತ್ತ ಕೊನೆಯನ್ನು ಇಳಿಸಬೇಕು. ಸುಲಿದು ಬೇಯಿಸಿ ಒಣಗಿಸಬೇಕು. ಇವುಗಳಲ್ಲಿ ಒಂದಾದರೂ ಗ್ರಂಥದಿಂದ ಕಲಿಯತಕ್ಕುದಲ್ಲ. ಮೊದಲೇ ಬಂದು ನೆಲಸಿದವನ ಬಳಿಯಲ್ಲಿ ನಿಂತು ಕಲಿಯತಕ್ಕುದು.

ಹವ್ಯಕ ಬ್ರಾಹ್ಮಣರು ಈ ವಿದ್ಯೆಯಲ್ಲಿ ಹೆಸರಾದರು. ತಮ್ಮ ಪೂರ್ವಿಕರನ್ನು ಕದಂಬ ಮಯೂರವರ್ಮನು ಅಹಿಚ್ಛತ್ರದಿಂದ ಕರೆತಂದನೆಂಬುದು ಅವರ ಐತಿಹ್ಯ. ಯಜ್ಞಯಾಗಗಳಿಗಾಗಿ ಬಂದೆವೆಂದು ಹೇಳಿಕೊಳ್ಳುವ ಜನರು ಗುದ್ದಲಿಯನ್ನು ಹಿಡಿದು ತೋಟದ ಕೆಲಸವನ್ನು ತಾವೇ ಮಾಡುತ್ತಿದ್ದುದು ಬುಕಾನನ್ನನ ಗಮನಕ್ಕೂ ಬಿದ್ದಿದೆ. ಇತರ ಸೀಮೆಗಳ ಅಗ್ರಹಾರಗಳಲ್ಲಿ ನೆಲವು ಬ್ರಾಹ್ಮಣನದು, ದುಡಿಮೆಯು ಒಕ್ಕಲಿನದು. ಇಲ್ಲಿ ಹಾಗೆ ನಡೆಯಲಿಲ್ಲ. ದಿನದಿನವೂ ಕಣ್ಣಿಟ್ಟು ನೋಡದೆ ತೋಟವು ಬಾಳದು, ಒಕ್ಕಲುಗಳಾದರೂ ಆ ಕಾಡಿನಲ್ಲಿ ವಿರಳ. ಆದುದರಿಂದ ಅಗ್ರಹಾರದ ಸಾಲುಮನೆಗಳು ಬಿಡಿಬಿಡಿಯಾದ ತೋಟದ ಮನೆಗಳಾದುವು. ವೇದವನ್ನು ಓದಿದ ಕೈಗೆ ಕತ್ತಿಯ ಹಿಡಿಯೂ ಒಗ್ಗಿತು. ಆಚಾರವು ಇದರಿಂದ ಕೆಡಲಿಲ್ಲ. ಆಚಾರಕ್ಕೆ ಹೊಸದೊಂದು ಜೀವನೋಪಾಯವು ಕೂಡಿಕೊಂಡಿತು.

೪

ಜನರ ಹಿಂದೆ ಮಠಗಳು ಬಂದುವೋ ಮಠಗಳ ಹಿಂದೆ ಜನರು ಬಂದರೋ ಎಂಬ ಪ್ರಶ್ನೆಗೆ ಸೋದೆಯಲ್ಲಿ ಎರಡು ಬಗೆಯ ಉತ್ತರವೂ ಸಲ್ಲುತ್ತದೆ. ಉಡುಪಿಯ ಅಷ್ಟಮಠಗಳಲ್ಲಿ ಒಂದು ಪೂರ್ವದಲ್ಲಿ ಕುಂಭಾಸಿಯ ಮಠವೆಂದು ಹೆಸರಾಗಿದ್ದಿತು. ಆ ಪೀಠದಲ್ಲಿದ್ದ ಶ್ರೀ ವಾದಿರಾಜತೀರ್ಥರು ಅರಸಪ್ಪನಾಯಕನ ಆದರವನ್ನು ಪಡೆದು ಸೋದೆಯಲ್ಲಿ ನೆಲಸಿದರು; ಅಲ್ಲಿ ತ್ರಿವಿಕ್ರಮ ದೇವರ ಪ್ರತಿಷ್ಠೆಯಾಯಿತು; 1600ರಲ್ಲಿ ಅಲ್ಲಿಯೇ ಅವರು ವೃಂದಾವನಸ್ಥರಾದರು. ಅಂದಿನಿಂದ ಆ ಮಠದ ಹೆಸರೇ ಸೋದೆ ಮಠವಾಯಿತು. ಕರಾವಳಿಯ ಹೆಸರನ್ನು ಬಿಟ್ಟು ಕಾಡಿನ ನಡುವಣ ಊರಿನ ಹೆಸರನ್ನು ಒಂದು ಪ್ರಾಚೀನ ಪೀಠವು ಧರಿಸಿತೆಂದರೆ, ಆ ನೆಲೆಯನ್ನು ಅದು ತಾತ್ಕಾಲಿಕವೆಂದು ಎಣಿಸಲಿಲ್ಲವೆಂಬುದು ಸ್ಪಷ್ಟ. ಆದರೂ ಉಡುಪಿಯ ನಂಟು ಕಡಿಯಲಿಲ್ಲ. ಎರಡು ತಿಂಗಳಿನ ಪರ್ಯಾಯವನ್ನು ಎರಡು ವರ್ಷಗಳದಾಗಿ ಮಾರ್ಪಡಿಸಿದವರು ಇದೇ ಯತಿಗಳು. ದೂರದಲ್ಲಿ ನೆಲಸಿದ ಮಠಾಧಿಪತಿಗೂ ಕೃಷ್ಣಪೂಜೆಯ ಸರದಿಯು ಸುಗಮವಾಗಲು ಈ ಏರ್ಪಾಡು ಅನುಕೂಲವಾಗಿಯೇ ಪರಿಣಮಿಸಿತು. ಯುಕ್ತಿಮಲ್ಲಿಕಾ, ರುಕ್ಮಿಣೀಶವಿಜಯಗಳಂತಹ ಸಂಸ್ಕೃತ ಗ್ರಂಥಗಳನ್ನು ಬರೆದವರು ಹಯವದನಾಂಕಿತದ ಕನ್ನಡ ಕೀರ್ತನೆಗಳನ್ನೂ ರಚಿಸಿದ್ದರು. ಪಂಡಿತಸಭೆಗೆ ಒಂದು ನುಡಿ, ತೋಟದ ಮನೆಯ ಹೆಂಗಸರು ಮಕ್ಕಳಿಗೆ ಒಂದು ನುಡಿ: ಇವೆರಡನ್ನೂ ಬಲ್ಲ ಗುರುವಿಗೆ ಹೊಸ ಊರಿನಲ್ಲಿ ಶಿಷ್ಯರು ದೊರೆತುದರಲ್ಲಿ ಆಶ್ಚರ್ಯವಿಲ್ಲ. ಗೋವೆಯ ಕಡೆಯ ಮೂಲವನ್ನು ಹೇಳುವ ದೈವಜ್ಞರಲ್ಲಿ ಅನೇಕರು ಈ ಮಠದ ಶಿಷ್ಯರಾಗಿರುವುದು ಪ್ರಸಿದ್ಧವೇ ಆಗಿದೆ.

ಹವ್ಯಕರ ಗುರುಪೀಠವಾದ ಸ್ವರ್ಣವಲ್ಲಿಯ ಅದ್ವೈತಮಠವು ಇದೇ ಸೋದೆಯ ಪರಿಸರದಲ್ಲಿದೆ. ಮೂರನೆಯದು ಜೈನರ ಸ್ವಾದಿ ಮಠ. ಅಕಲಂಕದೇವರ ಪರಂಪರೆಯದೆಂದು ಅದರ ಖ್ಯಾತಿ. 1604ರಲ್ಲಿ 592 ಸಂಸ್ಕೃತ ಸೂತ್ರಗಳಿಂದ ಕರ್ಣಾಟಕ ಶಬ್ದಾನುಶಾಸನವನ್ನು ರಚಿಸಿದ ಭಟ್ಟಾಕಲಂಕನಿಗೂ ಸುಧಾಪುರದ ಮಠಕ್ಕೂ ಸಂಬಂಧವನ್ನು ಜೈನ ಸಂಪ್ರದಾಯವು ಹೇಳುತ್ತದೆ. ಇವುಗಳಲ್ಲದೆ ವೀರಶೈವರೂ ಇಲ್ಲಿ ಪ್ರಬಲರಾಗಿದ್ದರು. 17ನೆಯ ಶತಮಾನದ ಉತ್ತರಾರ್ಧದಲ್ಲಿದ್ದ ಸದಾಶಿವರಾಯನು ಸ್ವರವಚನಗಳನ್ನು ರಚಿಸಿದ ಅರಸುಕವಿಯೆಂದು ಸಾಹಿತ್ಯಚರಿತ್ರದಲ್ಲಿ ಸ್ಥಾನವನ್ನು ಪಡೆದಿದ್ದಾನೆ. ಶಾಲ್ಮಲೆಯ ಹರಿವಿನ ಬಂಡೆಗಳಲ್ಲಿ ಕಂಡರಿಸಿರುವ ಸಹಸ್ರಲಿಂಗಗಳನ್ನೂ ಜನರು ಅವನ ಹೆಸರಿಗೇ ಸೇರಿಸಿ ಹೇಳುತ್ತಾರೆ.

ಇಲ್ಲಿ ಸಂಶೋಧಕನು ಎಚ್ಚರದಿಂದಿರಬೇಕಾದ ಒಂದು ಸ್ಥಳವುಂಟು. ಅರಸಪ್ಪನಾಯಕನು ಮೂಲತಃ ಜೈನನೆಂದು ಒಂದು ಪಕ್ಷ. ವಾದಿರಾಜರ ಅನುಗ್ರಹದಿಂದ ರಾಜ್ಯವನ್ನು ಉಳಿಸಿಕೊಂಡ ಭಕ್ತನೆಂದು ಇನ್ನೊಂದು. ಆ ವಂಶವು ವೀರಶೈವವೆಂದು ಮತ್ತೊಂದು. ಈ ಕಥೆಗಳಲ್ಲಿ ಯಾವುದು ನಿಜ, ಯಾವುದು ಸುಳ್ಳು ಎಂದು ಪಕ್ಷವಹಿಸಿ ಹೋರಾಡಿದವರು ಉಂಟು. ಆದರೆ ಈ ಐತಿಹ್ಯಗಳ ಮೈಕಟ್ಟನ್ನು ಪರೀಕ್ಷಿಸಿದರೆ ಬೇರೊಂದು ಸಂಗತಿಯು ಹೊಳೆಯುತ್ತದೆ. ಅವೆಲ್ಲವುಗಳ ಆಕಾರವೂ ಒಂದೇ: ಗುರುವು ಬೇರೆ ಎಡೆಯಿಂದ ಬರುತ್ತಾನೆ, ಅರಸನಿಗೆ ಒಂದು ಸಂಕಟವು ಒದಗಿರುತ್ತದೆ, ಗುರುವಿನಿಂದ ಆ ಸಂಕಟವು ತೊಲಗುತ್ತದೆ, ಅರಸನು ನೆಲವನ್ನು ಕೊಡುತ್ತಾನೆ. ನಾವು ಇಲ್ಲಿಯೇ ಹುಟ್ಟಿದವರು, ಆದುದರಿಂದ ಈ ನೆಲವು ನಮ್ಮದು ಎಂದು ಯಾವ ಕಥೆಯೂ ಹೇಳುವುದಿಲ್ಲ. ನಾವು ಬಂದೆವು, ಉಪಕಾರ ಮಾಡಿದೆವು, ನೆಲವನ್ನು ಪಡೆದೆವು ಎಂದೇ ಹೇಳುತ್ತವೆ. ಅರ್ಥಾತ್ ಇವು ಅರಸನ ಮತದ ವಿಷಯದಲ್ಲಿ ಪ್ರಮಾಣಗಳಾಗುವುದಕ್ಕಿಂತ ಹೆಚ್ಚಾಗಿ ಬಂದವರ ನೆಲಸುವಿಕೆಗೆ ಬಾಯ್ದೆರೆಯ ಶಾಸನಗಳು. ಅರಸನನ್ನು ತಮ್ಮವನೆಂದು ಹೇಳಿಕೊಳ್ಳುವುದರ ಮೂಲಕ ಒಂದೊಂದು ಸಮಾಜವೂ ಆ ಊರನ್ನು ತಮ್ಮದೆಂದು ಹೇಳಿಕೊಂಡಿತು. ಹೀಗೆ ತೆಗೆದುಕೊಂಡರೆ ಈ ಕಥೆಗಳು ಒಂದನ್ನೊಂದು ಖಂಡಿಸುವುದಿಲ್ಲ. ಒಂದರ ಪಕ್ಕದಲ್ಲಿ ಒಂದು ನಿಲ್ಲುತ್ತವೆ, ಆ ಮಠಗಳು ಒಂದೇ ಸೀಮೆಯಲ್ಲಿ ನಿಂತಿರುವಂತೆಯೇ.

೫

ಆದರೆ ಯಾರಿಗೆ ಶಾಸನವೂ ಇಲ್ಲ, ಮಠವೂ ಇಲ್ಲ, ಅರಸನ ಕಥೆಯೂ ಇಲ್ಲ, ಅವರನ್ನು ಬಿಟ್ಟು ಸೋದೆಯ ಚರಿತ್ರವನ್ನು ಬರೆದರೆ ಅದು ಅರ್ಧ ಚರಿತ್ರವಾದೀತು. ಅಡಕೆಯ ಮರವನ್ನು ಏರಿ ಕೊನೆಯನ್ನು ಇಳಿಸುವ ಕೊನೆಗೌಡನಿಲ್ಲದೆ ಸುಗ್ಗಿಯಿಲ್ಲ. ಹವ್ಯಕರ ತೋಟಗಳಲ್ಲಿ ದುಡಿದ ಕರೆ ಒಕ್ಕಲಿಗರು, ಗದ್ದೆಯನ್ನು ಉತ್ತ ದೀವರು, ಘಟ್ಟದ ಕೆಳಗಿನಿಂದ ಉಪ್ಪನ್ನು ಹೇರೆತ್ತಿನ ಮೇಲೆ ತಂದು ಮೆಣಸನ್ನು ಕೆಳಗೆ ಒಯ್ದವರು, ಇವರೆಲ್ಲರೂ ಆ ಪಟ್ಟಣದವರೇ. ತೋಟದೂರಿನಲ್ಲಿ ಅಕ್ಕಿಯೂ ಉಪ್ಪೂ ಹೊರಗಿನಿಂದ ಬರಬೇಕು; ಸಸಿಯು ಮರವಾಗುವವರೆಗಿನ ಆರೆಂಟು ವರ್ಷಗಳನ್ನು ನಡೆಸಿಕೊಟ್ಟುದು ಈ ಜನರ ದುಡಿಮೆಯೇ.

ಇನ್ನೂ ದೂರದಿಂದ ಬಂದವರು ಸಿದ್ದಿಯರು. ಆಫ್ರಿಕಾ ಖಂಡದಿಂದ ಅವರ ಪೂರ್ವಿಕರನ್ನು ಗುಲಾಮರನ್ನಾಗಿ ಗೋವೆಗೆ ತಂದವರಲ್ಲಿ ಪೋರ್ತುಗೀಜರು ಮುಖ್ಯರು. ಅಲ್ಲಿಂದ ತಪ್ಪಿಸಿಕೊಂಡವರೂ ಬಿಡುಗಡೆ ಹೊಂದಿದವರೂ ಯಲ್ಲಾಪುರ, ಹಳಿಯಾಳ, ಅಂಕೋಲೆಗಳ ಕಾಡುಗಳಲ್ಲಿ ಸೇರಿ ನೆಲಸಿದರು. ಅವರಿಗೆ ಯಾವ ಅರಸನೂ ನೆಲವನ್ನು ಧಾರೆಯೆರೆಯಲಿಲ್ಲ. 2003ರಲ್ಲಿ ಉತ್ತರ ಕನ್ನಡದ ಸಿದ್ದಿಯರನ್ನು ಪರಿಶಿಷ್ಟ ಪಂಗಡದ ಪಟ್ಟಿಗೆ ಸೇರಿಸಲಾಯಿತು. ನೂರಾರು ವರ್ಷಗಳ ಹಿಂದೆಯೇ ಬಂದವರಿಗೆ ಊರಿನ ಲೆಕ್ಕದಲ್ಲಿ ಹೆಸರು ದೊರೆಯಲು ಅಷ್ಟು ಕಾಲ ಹಿಡಿಯಿತು. ಒಂದೇ ಸೀಮೆಗೆ ಬಂದವರಲ್ಲಿ ಒಬ್ಬನು ಅತಿಥಿಯಾಗಿ ಗದ್ದುಗೆಯ ಬಳಿಗೆ ಬಂದನು, ಇನ್ನೊಬ್ಬನು ಅಡಗಿಕೊಳ್ಳಲೆಂದು ಕಾಡಿಗೆ ಬಂದನು. ಹೊಂದಿಕೊಂಡರೆಂಬ ಒಂದೇ ಮಾತನ್ನು ಇಬ್ಬರಿಗೂ ಸಮವಾಗಿ ಹಚ್ಚುವುದು ನ್ಯಾಯವಲ್ಲ.

೬

1763ರ ಮೊದಲಲ್ಲಿ ಬಿದನೂರನ್ನು ಗೆದ್ದ ಹೈದರಾಲಿಯ ಕಣ್ಣು ತರುವಾಯ ಸೋದೆಯ ಮೇಲೆ ಬಿದ್ದಿತು. ಆ ವರ್ಷದ ಕೊನೆಯ ಹೊತ್ತಿಗೆ ಕೋಟೆಯು ಕೈಬಿಟ್ಟಿತು. ಅರಸನಾದ ಇಮ್ಮಡಿ ಸದಾಶಿವನು ಪರಿವಾರದೊಡನೆ ಗೋವೆಗೆ ಹೋಗಿ ಪೋರ್ತುಗೀಜರ ಆಶ್ರಯವನ್ನು ಬೇಡಿದನು. ಕಾಣಕೋಣವೇ ಮೊದಲಾದ ತನ್ನ ಘಟ್ಟದ ಕೆಳಗಣ ಸೀಮೆಗಳು ಅವರ ವಶವಾದುವು. ಅವನಿಗೆ ವರ್ಷಾಶನವು ಗೊತ್ತಾಯಿತು. 1791ರ ಒಪ್ಪಂದದಿಂದ ಆ ಸೀಮೆಗಳು ಪೋರ್ತುಗೀಜರಿಗೆ ವಿಧಿಪೂರ್ವಕವಾಗಿ ಸಂದುವು. ಸೋದೆಯವರ ವಂಶವು ಫೋಂಡೆಯ ಬಳಿಯ ಬಾಂದಿವಡೆಯಲ್ಲಿ ನೆಲಸಿತು. ಎರಡು ಶತಮಾನಗಳ ಕಾಲ ಬಂದವರಿಗೆ ನೆಲವನ್ನು ಕೊಡುತ್ತಿದ್ದ ಮನೆತನವು ಕೊನೆಗೆ ಪರರ ನೆಲದಲ್ಲಿ ತಾನೇ ಬಂದವರ ಸಾಲಿಗೆ ಸೇರಿತು.

ಬುಕಾನನ್ನನು 1801ರಲ್ಲಿ ಬಂದಾಗ ಪಟ್ಟಣವು ಬಹುಮಟ್ಟಿಗೆ ಬರಿದಾಗಿದ್ದಿತು. ಆದರೆ ಇಲ್ಲಿಯೇ ಈ ವಿಚಾರದ ಮರ್ಮವಿದೆ. ಬರಿದಾದುದು ಒಳಗೋಟೆಯ ಒತ್ತಾದ ಮನೆಗಳ ಪೇಟೆ. ಹೊರಸುತ್ತಿನ ತೋಟಗಳೆಲ್ಲವೂ ಅದರೊಡನೆ ಅಳಿಯಲಿಲ್ಲ. ಅರಮನೆಯ ಊಳಿಗದವನು, ಸೈನಿಕನು, ಚಿನಿವಾರನು, ಇವರಿಗೆ ಅರಸನೇ ಜೀವನ. ಅರಸನು ಹೋದ ಮೇಲೆ ಅವರೂ ಹೋದರು. ತೋಟಿಗನು ಎಲ್ಲಿಗೆ ಹೋದಾನು? ಅವನ ಆಸ್ತಿಯನ್ನು ಎತ್ತಿನ ಮೇಲೆ ಹೇರಲಾಗದು. ಲೂಟಿಗೂ ತೆರಿಗೆಯ ಭಾರಕ್ಕೂ ಸಿಕ್ಕಿ ಅನೇಕ ತೋಟಗಳು ಹಾಳಾದರೂ, ಉಳಿದವನು ಉಳಿದುದು ಮರಗಳ ದೆಸೆಯಿಂದಲೇ. ಮಠಗಳೂ ಹಾಗೆಯೇ ಉಳಿದುವು. ವೃಂದಾವನವನ್ನು ಕಿತ್ತು ಬೇರೆ ಕಡೆ ನೆಡಲಾಗದು, ಶಿಷ್ಯರಾದರೋ ತೋಟಗಳಲ್ಲಿದ್ದರು.

ಪೇಟೆಯ ಭಾಗ್ಯವು ಮಾತ್ರ ಶಿರಸಿಗೆ ಹೋಯಿತು. ಶಿರಸಿಯೂ ಸೋದೆಯವರ ಆಳ್ವಿಕೆಯಲ್ಲಿಯೇ ಬೆಳೆದ ಊರು. ಅಲ್ಲಿಯ ಮಾರಿಕಾಂಬೆಯ ಪ್ರತಿಷ್ಠೆಯು 1688ರಲ್ಲಿ ಆಯಿತೆಂದು ಪ್ರತೀತಿ. 1799ರಲ್ಲಿ ಟಿಪ್ಪುವಿನ ಮರಣಾನಂತರ ಸೀಮೆಯು ಇಂಗ್ಲಿಷರ ಕೈಗೆ ಬಂದಿತು. 1862ರಲ್ಲಿ ಉತ್ತರ ಕನ್ನಡವು ಮದರಾಸಿನಿಂದ ಮುಂಬಯಿ ಆಧಿಪತ್ಯಕ್ಕೆ ಸೇರಿತು. ಕಾಡಿನ ಕಾಯಿದೆಗಳು ಬಿಗಿಯಾದಾಗ ತೋಟಿಗರ ಮೊದಲ ಚಿಂತೆಯು ಬೆಟ್ಟದ್ದೇ ಆಗಿದ್ದಿತು. ಘಟ್ಟದ ಮೇಲೆ ಒಂದು ಎಕರೆ ತೋಟಕ್ಕೆ 9 ಎಕರೆಯವರೆಗೆ ಸೊಪ್ಪಿನ ಬೆಟ್ಟವೆಂಬ ಕಟ್ಟು ಕೊನೆಗೆ ಏರ್ಪಟ್ಟಿತು. ತೋಟವು ಬೆಟ್ಟದಿಂದ ಬದುಕುತ್ತದೆಂಬ ತಿಳಿವಳಿಕೆಯನ್ನು ಹೊಸ ಸರಕಾರವೂ ಹೀಗೆ ಲೆಕ್ಕಕ್ಕೆ ಇಳಿಸಬೇಕಾಯಿತು. 1923ರಲ್ಲಿ ಶಿರಸಿಯಲ್ಲಿ ತೋಟಗಾರರು ತಮ್ಮದೇ ಸಹಕಾರಿ ಮಾರಾಟ ಸಂಘವನ್ನು ಕಟ್ಟಿದರು. ಫಸಲಿನ ವ್ಯಾಪಾರಕ್ಕೆ ಒಂದು ಕಾಲದಲ್ಲಿ ಅರಸನು ಕೊಡುತ್ತಿದ್ದ ಕಾವಲನ್ನು ಬೆಳೆಗಾರರು ಹೀಗೆ ತಾವೇ ಒಬ್ಬರಿಗೊಬ್ಬರು ಕೊಟ್ಟುಕೊಂಡರು.

೭

ಇದುವರೆಗಿನ ವಿಚಾರದಿಂದ ಮೂರು ಸಂಗತಿಗಳು ನಿಷ್ಪನ್ನವಾಗುತ್ತವೆ. ಮೊದಲನೆಯದು, ಸೋದೆಯು ಒಂದು ಕುಲದ ಅಥವಾ ಒಂದು ಮತದ ಊರಾಗಿ ಹುಟ್ಟಲಿಲ್ಲ. ಹೊರಗಿನಿಂದ ಬಂದವರಿಂದಲೇ ಅದು ಊರಾಯಿತು. ಎರಡನೆಯದು, ಬಂದವರನ್ನು ಕರೆದುದು ಅರಸನ ದಾನವಾದರೂ ಅವರನ್ನು ನಿಲ್ಲಿಸಿದುದು ನೆಲದ ದುಡಿಮೆ. ದಾನಶಾಸನವು ಅಳಿದ ಮೇಲೂ ತೋಟವು ಉಳಿದುದೇ ಇದಕ್ಕೆ ಪ್ರಮಾಣ. ಮೂರನೆಯದು, ಐತಿಹ್ಯಗಳನ್ನು ಒಂದರ ಮೇಲೊಂದನ್ನು ಛೂಬಿಡುವುದರಿಂದ ಚರಿತ್ರವು ಬೆಳೆಯುವುದಿಲ್ಲ. ಅವು ಏಕೆ ಹುಟ್ಟಿದುವೆಂದು ಕೇಳಿದರೆ ಬೆಳೆಯುತ್ತದೆ.

ಹವ್ಯಕರ ಆಡುಮಾತಿನಲ್ಲಿ, ಶಿಷ್ಟ ಕನ್ನಡದಲ್ಲಿ ಕಾಣದ ಒಂದು ಭೇದವುಂಟು. ಕೇಳುವವನನ್ನೂ ಸೇರಿಸಿಕೊಂಡು ಹೇಳುವ ‘ನಾವು’ ಎಂಬುದಕ್ಕೆ ಒಂದು ರೂಪ. ಅವನನ್ನು ಬಿಟ್ಟು ಹೇಳುವ ‘ನಾವು’ ಎಂಬುದಕ್ಕೆ ಇನ್ನೊಂದು. ಭಾಷಾಶಾಸ್ತ್ರಜ್ಞರಿಗೆ ಇದು ಪ್ರಾಚೀನ ದ್ರಾವಿಡದ ಲಕ್ಷಣವಾಗಿ ಆದರಣೀಯವಾಗಿದೆ. ಸೋದೆಯ ಚರಿತ್ರವನ್ನು ಬರೆಯುವವರಿಗೂ ಈ ಭೇದವು ನೆನಪಿನಲ್ಲಿರುವುದು ಒಳಿತು. ಇದುವರೆಗೆ ಒಂದೊಂದು ಪಕ್ಷದವರು ಬರೆದ ಚರಿತ್ರದಲ್ಲಿ ಎರಡನೆಯ ‘ನಾವು’ ಮಾತ್ರವೇ ಕೇಳಿಬರುತ್ತಿದ್ದಿತು. ಮಠದವನೂ ತೋಟದವನೂ ಕೊನೆಗೌಡನೂ ಸಿದ್ದಿಯೂ ಒಳಗಾಗುವ ಮೊದಲನೆಯ ‘ನಾವು’ ಎಂಬುದರ ಚರಿತ್ರವು ಇನ್ನು ಮೇಲೆ ಬರೆಯಲ್ಪಡಬೇಕಾಗಿದೆ.